ಮಳೆಗಾಲಕ್ಕೆ ಬಾಗಿದ ಗೊಂಬೆಮನೆ

"ಮಾಮ, ನನ್ನ ಗೊಂಬೆಮನೆ ಎಲ್ಲಿಗೆ ಬಂತು?" ಉಡುಪಿಯಿಂದ ವಿಡಿಯೋ ಕಾಲ್ ಬಂದಾಗಲೆಲ್ಲ ಅಕ್ಕನ ಮಗಳದ್ದು ಇದೊಂದೇ ಪ್ರಶ್ನೆ. ಅವಳಿಗೆ ಆರು ವರ್ಷ. ತಪ್ಪು ನನ್ನದೇ. ನ್ಯೂರೆಂಬರ್ಗ್‌ನ ಜರ್ಮಾನಿಷೆಸ್ ನ್ಯಾಷನಲ್ ಮ್ಯೂಸಿಯಂನಲ್ಲಿ 1639ರ ಸ್ಟ್ರೋಮರ್ ಗೊಂಬೆಮನೆ ನೋಡಿ ಬಂದ ಸಂಜೆ, "ನಿನಗೂ ಒಂದು ಮಾಡಿಕೊಡ್ತೇನೆ" ಅಂತ ಹೇಳಿಬಿಟ್ಟಿದ್ದೆ.

ಅಂಗಡಿಯಲ್ಲಿ ಅಗ್ಗದ ಕಿಟ್ ಸಿಕ್ಕಿತು. ಮೂರು ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆಗಳು, ಎರಡು ಅಂತಸ್ತು, ಸೂಟ್‌ಕೇಸಿನಲ್ಲಿ ಹಿಡಿಯುವಷ್ಟೇ ಗಾತ್ರ. ಇಂಜಿನಿಯರಿಂಗ್ ಓದಿದವನಿಗೆ ಇದೇನು ಮಹಾ ಅಂದುಕೊಂಡೆ. ಜನವರಿಯಲ್ಲಿ, ಹೀಟರ್ ಉರಿಯುವ ರೂಮಿನಲ್ಲಿ ಕೂತು ಅಂಟಿಸಿದೆ. ಹೊರಗೋಡೆಗೆ ಬಣ್ಣ, ಒಳಗೋಡೆಗೆ ಹೂವಿನ ಕಾಗದ. ಕಣ್ಣಿಗೆ ಕಾಣದ ಅಂಚುಗಳನ್ನೂ ನೆಲದ ಅಡಿಭಾಗವನ್ನೂ ಹಾಗೇ ಬಿಟ್ಟೆ.

ಆಗಸ್ಟ್‌ನಲ್ಲಿ ಊರಿಗೆ ಹೋದೆ. ಆಟಿಯ ಮಳೆ. ನಾಲ್ಕನೇ ದಿನಕ್ಕೆ ಅಂಚುಗಳು ಉಬ್ಬಿದವು, ನೆಲ ಬಾಗಿತು, ಪುಟ್ಟ ಬಾಗಿಲು ಮುಚ್ಚಲೇ ಇಲ್ಲ. ಪುಟ್ಟಿ ಅಳಲಿಲ್ಲ. ಗೊಂಬೆಯನ್ನು ಹೊರಗೆ ತಂದು ನಮ್ಮ ಜಗಲಿಯಲ್ಲಿ ಮಲಗಿಸಿದಳು. ಅತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕಿಟಕಿ ರಿಪೇರಿಗೆ ಬಂದಿದ್ದ ಆಚಾರಿಯವರು ಅದನ್ನು ತಿರುಗಿಸಿ ನೋಡಿ, "ಅಡಿಗೆ ಏನೂ ಹಾಕ್ಲೇ ಇಲ್ವಾ ಮಾರಾಯ? ಒಂದು ಬದಿ ನೀರು ಕುಡಿದ್ರೆ ಬಾಗದೆ ಏನು ಮಾಡ್ತದೆ?" ಅಂದರು.

ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ ಎನ್ನುವುದನ್ನು ನಾನು ಪರೀಕ್ಷೆಗೆ ಬರೆದವನು. ಪ್ರತಿ ಮಳೆಗಾಲದಲ್ಲೂ ನಮ್ಮ ಮನೆಯ ಹಲಸಿನ ಬಾಗಿಲು ಬಿಗಿಯಾಗುವುದನ್ನು ನೋಡಿ ಬೆಳೆದವನು. ಆದರೂ ನಾನು ಕಟ್ಟಿದ್ದು ಜರ್ಮನಿಯ ಒಣ ಚಳಿಗಾಲಕ್ಕೆ. ಆ ಮನೆ ಇರಬೇಕಾದ ಊರು ಯಾವುದು ಅಂತ ಯೋಚಿಸಲೇ ಇಲ್ಲ.

ವಾಪಸ್ ಬಂದು ಮತ್ತೆ ಶುರು ಮಾಡಿದೆ. ಎಂಡಿಎಫ್ ಕೆಟ್ಟದ್ದೇನಲ್ಲ, ಮುಖ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ಕತ್ತರಿಸಿದ ಅಂಚು ಸ್ಪಂಜಿನ ಹಾಗೆ ನೀರು ಹೀರುತ್ತದೆ. ಬಾಲ್ಸಾ ಹಗುರ, ಆದರೆ ಉಗುರು ತಾಗಿದರೂ ಗುಳಿ ಬೀಳುತ್ತದೆ. ಗೋಡೆ, ನೆಲಕ್ಕೆ ಬರ್ಚ್ ಪ್ಲೈವುಡ್ ಆರಿಸಿದೆ. ಅದರ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ.

ಅಂಟಿಸುವ ಮೊದಲೇ ಪ್ರತಿ ತುಂಡಿಗೂ ಎರಡೂ ಮುಖ, ನಾಲ್ಕೂ ಅಂಚಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಹಚ್ಚಿದೆ. ಒಣಗಿದ ಮೇಲೆ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ ಇನ್ನೊಂದು ಕೋಟ್. ಅಂಟು ಸೇರಬೇಕಾದ ಜಾಗ ಮಾತ್ರ ಟೇಪ್ ಹಾಕಿ ಬಿಟ್ಟೆ. ಜರ್ಮನ್ ಅಂಗಡಿಯಲ್ಲಿ 'ಶೆಲ್ಲಾಕ್' ಅಂತ ಕೊಂಡ ಡಬ್ಬಿ ತೆರೆದಾಗ ನಗು ಬಂತು. ನಮ್ಮ ಚನ್ನಪಟ್ಟಣದ ಗೊಂಬೆಗಳ ಹೊಳಪೂ ಇದೇ ಅರಗಿನದು ತಾನೆ!

ಈ ಸಲ ಪರೀಕ್ಷೆಯನ್ನೂ ಮಾಡಿದೆ. ಒಂದು ತುಂಡಿಗೆ ಎಲ್ಲ ಕಡೆ ಅರಗು, ಇನ್ನೊಂದಕ್ಕೆ ಒಂದೇ ಮುಖಕ್ಕೆ. ಎರಡನ್ನೂ ಬಾತ್‌ರೂಮಿನಲ್ಲಿ ಎರಡು ವಾರ ಇಟ್ಟೆ. ರೂಮ್‌ಮೇಟ್ ನಕ್ಕ. ಎರಡನೆಯದು ಹಪ್ಪಳದಂತೆ ಬಾಗಿತು, ಮೊದಲನೆಯದು ನೆಟ್ಟಗೇ ಇತ್ತು.

ಆಗಸ್ಟ್‌ಗೆ ಟಿಕೆಟ್ ಬುಕ್ ಆಗಿದೆ. ಪುಟ್ಟಿಗೆ ಈ ಸಲ ಮಾತು ಕೊಟ್ಟಿಲ್ಲ. ಬಾಗಿಲಿಗೆ ಮಾತ್ರ ಒಂದು ಕೂದಲೆಳೆಯಷ್ಟು ಸಂದು ಬಿಟ್ಟಿದ್ದೇನೆ, ಮಳೆಗೆ ಅಂತ.