ಮೋಕದ ಒಗ್ಗರಣೆ

ಹೊಸ ಊರಿಗೆ ಹೋದವನು ಮೊದಲು ಗುಡಿಗೆ ಹೋಗಬೇಕೆಂದು ಹಿರಿಯರು ಹೇಳುತ್ತಾರೆ. ನನ್ನ ಕಾಲು ಮಾತ್ರ ಸಂತೆಯ ಕಡೆಗೇ ಎಳೆಯುತ್ತದೆ. ದೇವರು ಎಲ್ಲೆಲ್ಲಿಯೂ ಒಬ್ಬನೇ, ಒಗ್ಗರಣೆ ಊರಿಗೊಂದು.

ಬಳ್ಳಾರಿಯಿಂದ ಮೋಕಕ್ಕೆ ಬಂದಿಳಿದ ನನ್ನನ್ನು ಎದುರುಗೊಂಡದ್ದು ಕಾದ ಎಣ್ಣೆಯ ಘಾಟು. ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ತೇಲುತ್ತಿತ್ತು. ಪಕ್ಕದಲ್ಲಿ ಮುದುಕಿಯೊಬ್ಬಳು ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ ಅರಿಸಿನದ ಒಗ್ಗರಣೆಗೆ ಸುರಿದು, ಮೇಲೆ ಪುಟಾಣಿಹಿಟ್ಟು ಉದುರಿಸುತ್ತಿದ್ದಳು. ಇಲ್ಲಿಯವರಿಗೆ ಈ ತಿಂಡಿಯ ಹೆಸರೇ ‘ಒಗ್ಗರಣೆ’. ಗಡಿಯಾಚೆಯ ಆಲೂರು ಸೀಮೆಯ ರೈತನೊಬ್ಬ ಅದನ್ನೇ ‘ಉಗ್ಗಾನಿ’ ಎಂದು ಕೇಳಿ ಪಡೆದ. ಮುದುಕಿ ಅವನಿಗೆ ತೆಲುಗಿನಲ್ಲಿ ಬೆಲೆ ಹೇಳಿ ನನ್ನತ್ತ ತಿರುಗಿದಳು: “ಖಾರ ನಡೀತೈತೇನಪ್ಪಾ?”

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆಲೂರು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಹೋದವು. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೆ ಅದು ದೊಡ್ಡ ದಿನವೇ. ಗಡಿಯಿಲ್ಲದೆ ಕಚೇರಿ ನಡೆಯದು. ಆದರೆ ಎಲ್ಲಿ ಗೆರೆ ಎಳೆದರೂ ಒಂದಷ್ಟು ಮನೆಗಳು ಆಚೆ ಉಳಿಯುತ್ತವೆ.

ಬಜ್ಜಿ ಕಚ್ಚಿದ ನನ್ನ ಕಣ್ಣಲ್ಲಿ ನೀರು. ರೈತ ನಕ್ಕ. “ಮಂಡಕ್ಕಿ ಬಾಯಿಗೆ ಹಾಕ್ಕೊಳ್ರಿ ಸಾರ್, ಖಾರ ಇಳೀತೈತೆ.” ಅಚ್ಚ ಕನ್ನಡ! ನನ್ನ ಬೆರಗು ಕಂಡು ಹೇಳಿದ: “ಮನ್ಯಾಗ ನಾವೂ ಕನ್ನಡದೋರೇ. ನಮ್ಮ ಹುಡುಗಗೆ ಮಾತು ಬರ್ತೈತೆ, ಅಕ್ಷರ ಬರಾಂಗಿಲ್ಲ.”

ಹುಡುಗ ಅಪ್ಪನ ಪಕ್ಕದಲ್ಲೇ ನಿಂತು ಪೊಟ್ಟಣದ ಕಾಗದ ಬಿಡಿಸುತ್ತಿದ್ದ. ಅದು ಹಳೆಯ ಕನ್ನಡ ಪತ್ರಿಕೆಯ ಹಾಳೆ. ಅವನು ಅದರಲ್ಲಿದ್ದ ಚಿತ್ರ ನೋಡಿದ, ಕೊನೆಯ ಅಗುಳು ಹೆಕ್ಕಿದ, ಹಾಳೆಯನ್ನು ಉಂಡೆ ಮಾಡಿ ಎಸೆದ.