ಮಿಡಿಯ ತಂತಿ

ಮಲೆನಾಡಿನ ಕಡೆಯವರಿಗೆ ಮಿಡಿ ಎಂದೊಡನೆ ನೆನಪಾಗುವುದು ಉಪ್ಪಿನಕಾಯಿಯ ಭರಣಿ. ಸಂಗೀತದ ಗೀಳುಳ್ಳವರಿಗಾದರೆ ವೀಣೆ. ಇವೆರಡಕ್ಕೂ ನಂಟಿಲ್ಲದ ಮೂರನೆಯ ಮಿಡಿಯೊಂದು ಗೃಹಸ್ಥರ ಮನೆಗಳನ್ನು ಹೊಕ್ಕು ಬಹಳ ಕಾಲವಾಯಿತು. ಮಕ್ಕಳಿಗೆಂದು ಕೊಂಡ ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಲು ಹೊರಟವರೆಲ್ಲ ಇದರ ಪರಿಚಯ ಮಾಡಿಕೊಳ್ಳಲೇಬೇಕು. ಭರಣಿಯ ಮಿಡಿಯಂತೆ ಇದೂ ಹಾಕಿದ ದಿನವೇ ಹದಕ್ಕೆ ಬರುವುದಿಲ್ಲ.

ಶಿವಮೊಗ್ಗದ ವಿನೋಬನಗರದ ಮನೆಯೊಂದರಲ್ಲಿ ನಡೆದ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಆ ಮನೆಯ ಹುಡುಗಿ ಕಾಲೇಜಿನಲ್ಲಿ ಓದುವವಳು. ಅವಳ ತಾಯಿಯ ತಂದೆ ಭದ್ರಾವತಿಯ ನ್ಯೂಟೌನಿನವರು. 1923ರಲ್ಲಿ ಕೆಲಸ ಆರಂಭಿಸಿ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಗಲೆಲ್ಲ ಕಾರ್ಖಾನೆ, ಸಂಜೆಯಾದರೆ ಭಜನಾ ಮಂಡಳಿಯ ಹಾರ್ಮೋನಿಯಂ. ದಾಸರ ಪದಗಳಿಗೆ ತಾವಾಗಿಯೇ ಕೂಡಿಸಿದ ಮಟ್ಟುಗಳು ಮೂವತ್ತಕ್ಕೂ ಮಿಕ್ಕಿ ಅವರ ಬೆರಳ ತುದಿಯಲ್ಲಿವೆ. ಬೆರಳ ತುದಿಯಲ್ಲಿ ಮಾತ್ರವೇ ಇವೆ ಎಂಬುದೇ ತೊಡಕು. ಸ್ವರ ಹಾಕಿ ಬರೆದಿಡುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಈಗ ಎಂಬತ್ತರ ಹತ್ತಿರದಲ್ಲಿ ಬಲಗೈಯ ಉಂಗುರ ಬೆರಳು ಮರಗಟ್ಟತೊಡಗಿದೆ.

ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟರೆ ಸಾಲದೇ ಎಂದು ಮನೆಯವರು ಕೇಳಿದರು. ಧ್ವನಿ ಹಿಡಿಯಬಹುದು, ತಪ್ಪಿದ ಸ್ವರವೊಂದನ್ನು ಅದರಿಂದ ಕಿತ್ತು ಸರಿಪಡಿಸುವುದು ಸುಲಭವಲ್ಲ. ಮಿಡಿಯ ದಾರಿ ಬೇರೆ. ಅದರ ತಂತಿಯಲ್ಲಿ ಹರಿಯುವುದು ನಾದವಲ್ಲ, ವರ್ತಮಾನ. ಇಂಥ ಮನೆಯನ್ನು ಒತ್ತಿದರು, ಇಷ್ಟು ರಭಸದಿಂದ ಒತ್ತಿದರು, ಈಗ ಬಿಟ್ಟರು, ಇಷ್ಟೇ. ಪ್ರತಿ ಮನೆಗೂ ಒಂದು ಸಂಖ್ಯೆಯುಂಟು. ನಡುವಣ ಸ್ಥಾಯಿಯ ಮೊದಲ ಬಿಳಿಯ ಮನೆ 60. 2013ರಲ್ಲಿ ನಿಂತುಹೋದ ಅಂಚೆಯ ತಂತಿಯನ್ನು ಬಲ್ಲ ಹಿರಿಯರಿಗೆ ಇದು ಬೇಗ ಅರ್ಥವಾದೀತು. ತಂತಿಯಲ್ಲಿ ಬಂದದ್ದು ಕಳುಹಿಸಿದವನ ದನಿಯಲ್ಲ. ಓದಿದ ಮೇಲೆ ನಗುವುದೋ ಅಳುವುದೋ ಈ ಕಡೆಯವರ ಪಾಲಿನ ಕೆಲಸ. ಹೀಗೆ ಅಂಕಿಗಳಾಗಿ ಉಳಿದ ಮಟ್ಟನ್ನು ತಿದ್ದಬಹುದು, ಹೆಂಗಸರ ಮಂಡಳಿಗೆ ಬೇಕಾದಂತೆ ಒಂದೆರಡು ಮನೆ ಶ್ರುತಿ ಏರಿಸಬಹುದು, ಕಾಗದದ ಮೇಲೆ ಅಚ್ಚು ಹಾಕಿಸಲೂಬಹುದು.

ಈ ಭಾಷೆ ಹುಟ್ಟಿದ್ದು ವ್ಯಾಪಾರದ ಪೈಪೋಟಿಯ ನಡುವೆ ಎಂಬುದು ಸೋಜಿಗ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಒಂದೇ ಬಗೆಯ ವಾದ್ಯಗಳನ್ನು ಮಾರುತ್ತಿದ್ದ ಎದುರಾಳಿಗಳು. ಆದರೂ 1983ರ ಜನವರಿಯಲ್ಲಿ ಅಮೆರಿಕದ ವಾದ್ಯಗಳ ಮೇಳವೊಂದರಲ್ಲಿ ಇಬ್ಬರ ವಾದ್ಯಗಳನ್ನೂ ಒಂದೇ ತಂತಿಯಿಂದ ಬೆಸೆದು ತೋರಿಸಿದರು. ಬಳಸುವವರಿಂದ ಕಾಸು ಕೇಳಲಿಲ್ಲ. ಅದಕ್ಕೇ ಇರಬೇಕು, ನಲವತ್ತು ವರ್ಷ ಕಳೆದರೂ ಅದು ಬಳಕೆ ತಪ್ಪಿಲ್ಲ.

ವಿನೋಬನಗರದ ಕೀಬೋರ್ಡು ಯಾರೋ ಬಳಸಿ ಮಾರಿದ್ದು; ಹಿಂಬದಿಯಲ್ಲಿ ಐದು ತೂತುಗಳ ಎರಡು ದುಂಡನೆಯ ಕಿಂಡಿಗಳು. ಐದರಲ್ಲಿ ಮೂರೇ ದುಡಿಯುವವು, ಉಳಿದೆರಡು ಸುಮ್ಮನೆ ಹಾಜರಿ ಹಾಕುವವು. ಒಂದು ತುದಿಯಲ್ಲಿ ಯು.ಎಸ್.ಬಿ., ಇನ್ನೊಂದು ತುದಿಯಲ್ಲಿ ಎರಡು ದುಂಡು ಮೂತಿಗಳಿರುವ ತಂತಿಯನ್ನು ತರಿಸಿದ್ದಾಯಿತು. ಮೂತಿಗಳ ಮೇಲೆ ‘ಇನ್’, ‘ಔಟ್’ ಎಂದು ಬರೆದಿತ್ತು. ಹುಡುಗಿ ಇನ್ನನ್ನು ಇನ್ನಿಗೂ ಔಟನ್ನು ಔಟಿಗೂ ಸೇರಿಸಿದಳು. ಶುಕ್ರವಾರ ರಾತ್ರಿಯೆಲ್ಲ ಕಂಪ್ಯೂಟರು ಮಿಸುಕಲಿಲ್ಲ. ಒಂದು ಮನೆಯಿಂದ ಹೊರಟವರು ಇನ್ನೊಂದು ಮನೆಗೆ ಬಂದವರಾಗುತ್ತಾರೆ. ಕೀಬೋರ್ಡಿನ ಔಟು ಕಂಪ್ಯೂಟರಿಗೆ ಇನ್ನು. ಕೆಲವು ತಯಾರಕರು ಮೂತಿಯ ಮೇಲೆ ತಂತಿಯ ಕಡೆಯ ಹೆಸರನ್ನು ಬರೆದರೆ, ಕೆಲವರು ಸೇರಬೇಕಾದ ಕಿಂಡಿಯ ಹೆಸರನ್ನೇ ಬರೆಯುತ್ತಾರೆ. ಆದ್ದರಿಂದ ಮೂಕವಾದ ತಂತಿಯನ್ನು ಅಂಗಡಿಗೆ ಹಿಂದಿರುಗಿಸುವ ಮೊದಲು ಮೂತಿಗಳನ್ನು ಅದಲುಬದಲು ಮಾಡಿ ನೋಡುವುದು ಮೇಲು. ಹಾಗೆ ಮಾಡಿದಾಗ ತಂತಿಯ ನಡುವಿನ ಪುಟ್ಟ ದೀಪ ಮಿನುಗಿತು. ಪರದೆಯ ಮೇಲೆ ಸಂಖ್ಯೆಗಳು ಓಡಿದವು. ಸದ್ದು ಮಾತ್ರ ಇಲ್ಲ! ವರ್ತಮಾನ ತಲಪಿತ್ತು, ಹಾಡುವವರನ್ನು ಗೊತ್ತುಮಾಡಿರಲಿಲ್ಲ. ಹಾರ್ಮೋನಿಯಂ ನಾದವುಳ್ಳ ತಂತ್ರಾಂಶವೊಂದನ್ನು ಕಂಪ್ಯೂಟರಿನಲ್ಲಿ ಕೂಡಿಸಿದ ಮೇಲೆ ಅದೂ ನೆಟ್ಟಗಾಯಿತು.

ಶನಿವಾರ ಬೆಳಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ ತಾತ ಕಾಫಿ ಕುಡಿದು ಕುಳಿತರು. ನಾಲ್ಕು ಸ್ವರ ನುಡಿಸಿ ಕೈ ತೆಗೆದರು.

“ಇದಕ್ಕೆ ಕಿವಿ ಮಂದವೇನೆ ಪುಟ್ಟಿ? ಕರೆದ ಮೇಲೆ ಯೋಚನೆ ಮಾಡಿ ಓಗೊಡುತ್ತದಲ್ಲ!”

“ಸ್ವಲ್ಪ ತಡೆಯಿರಿ ತಾತ, ಸರಿಮಾಡುತ್ತೇನೆ.”

ಕಂಪ್ಯೂಟರು ನಾದವನ್ನು ಧಾರೆಯಾಗಿ ಬಿಡುವುದಿಲ್ಲ. ಕೊಡಕ್ಕೆ ತುಂಬಿಕೊಂಡು ಸುರಿಯುತ್ತದೆ. ಸೆಕೆಂಡಿಗೆ 44,100 ಹನಿಗಳ ಲೆಕ್ಕದಲ್ಲಿ 1,024 ಹನಿಗಳ ಕೊಡ ತುಂಬಲು ಸೆಕೆಂಡಿನ ಸಾವಿರದಲ್ಲಿ 23 ಪಾಲು ಬೇಕು. ಇಂಥ ಕೊಡಗಳು ಒಂದರ ಹಿಂದೊಂದು ಕಾದಿದ್ದರೆ ಲಯಜ್ಞಾನವುಳ್ಳವರಿಗೆ ಸಹಿಸುವುದು ಕಷ್ಟ. 256ರ ಕೊಡಕ್ಕೆ ಆರೇ ಪಾಲು ಸಾಕು. ತೀರ ಕಿರಿದು ಮಾಡಿದರೆ ಚಟಚಟ ಎಂಬ ಸದ್ದು ಏಳುತ್ತದೆ. ಹುಡುಗಿ 256ಕ್ಕೆ ನಿಲ್ಲಿಸಿದಳು. ಪ್ರತಿ ಸ್ವರವೂ ಎರಡೆರಡಾಗಿ ಕೇಳುತ್ತಿದ್ದುದಕ್ಕೆ ಕೀಬೋರ್ಡು ತಾನೂ ದನಿ ಕೂಡಿಸುತ್ತಿದ್ದುದು ಕಾರಣ. ಅದರ ಸ್ವಂತ ದನಿಯನ್ನು ಅಡಗಿಸಿದಳು.

ಮಟ್ಟು ಈಗ ಸರಾಗವಾಗಿ ಸಾಗಿತು, ಆದರೆ ಏರುಪೇರಾಗಿ. ಕೆಲವು ಸ್ವರಗಳು ಗುಡುಗುತ್ತವೆ, ಕೆಲವು ಕೇಳಿಸುವುದೇ ಇಲ್ಲ. ಹಾರ್ಮೋನಿಯಂನಲ್ಲಿ ಮನೆಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಒಂದೇ. ನಾದಕ್ಕೆ ಕಸುವು ಕೊಡುವುದು ಎಡಗೈಯ ತಿದಿ. ಕೀಬೋರ್ಡಾದರೋ ಬೆರಳ ರಭಸವನ್ನು 1ರಿಂದ 127ರವರೆಗೆ ಅಳೆದು ಬರೆದಿಡುತ್ತದೆ. ಹುಡುಗಿ ಪುಟವನ್ನು ತೆರೆದು ನೋಡಿದಳು. ತೋರುಬೆರಳಿನದು ತೊಂಬತ್ತರ ಸುತ್ತ, ನಡುಬೆರಳಿನದೂ ಹಾಗೆಯೇ. ಉಂಗುರ ಬೆರಳು ಬಿದ್ದ ಕಡೆಯಲ್ಲೆಲ್ಲ ಇಪ್ಪತ್ತು, ಹದಿನೆಂಟು, ಒಂದೆಡೆ ಒಂಬತ್ತು. ವೈದ್ಯರ ಚೀಟಿಯಲ್ಲಿಯೂ ಅಷ್ಟು ಸ್ಪಷ್ಟವಾಗಿ ಬರೆದಿರಲಿಲ್ಲ. ಅವಳು ಪುಟವನ್ನು ಮುಚ್ಚಿ, ಯಾವ ಬೆರಳು ಹೇಗೆ ಒತ್ತಿದರೂ ನೂರೆಂದೇ ತಿಳಿಯುವಂತೆ ಕೀಬೋರ್ಡಿಗೆ ಕಟ್ಟು ಮಾಡಿದಳು.

“ಈಗ ಪಳಗಿತು ನೋಡು,” ಎಂದರು ತಾತ.

ತಿದಿಯಿಲ್ಲದ ಪೆಟ್ಟಿಗೆಯ ಮುಂದೆ ಅವರ ಎಡಗೈ ಮಾತ್ರ ಗಾಳಿಯಲ್ಲಿ ತೂಗುತ್ತಲೇ ಇತ್ತು. ಕೀಬೋರ್ಡಿನ ಎಡತುದಿಯಲ್ಲಿ ಸ್ವರವನ್ನು ಜಗ್ಗುವ ಚಕ್ರವೊಂದಿದೆ. ಹುಡುಗಿ ಆ ಕೈಯನ್ನು ಅದರ ಮೇಲಿಟ್ಟಳು. ಚಕ್ರವನ್ನು ಒಂದಿಷ್ಟು ತಿರುಗಿಸಿದರೆ ಸ್ವರ ಮನೆ ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಈ ಜಾರಿಕೆಗೆ ಮಿಡಿಯಲ್ಲಿ 16,384 ಮೆಟ್ಟಿಲುಗಳುಂಟು. ಗಮಕಕ್ಕೆ ಒಗ್ಗದ ವಾದ್ಯವೆಂದೇ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. 1965ರಲ್ಲಿ ಭದ್ರಾವತಿಯಲ್ಲಿಯೇ ಬಾನುಲಿ ಕೇಂದ್ರ ತೆರೆದಾಗ ಇಪ್ಪತ್ತರ ಹುಡುಗನಾಗಿದ್ದ ತಾತನಿಗೆ ತಮ್ಮ ಪೆಟ್ಟಿಗೆಗೆ ಅಲ್ಲಿ ಪ್ರವೇಶವಿಲ್ಲವೆಂಬುದು ಗೊತ್ತಿತ್ತು. ಅವರು ಚಕ್ರವನ್ನು ಮೆಲ್ಲನೆ ಮೀಟಿ, ತೋಡಿಯ ಗಾಂಧಾರವನ್ನು ಅಲುಗಿಸಿ ಅಲುಗಿಸಿ ಕೇಳಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಆ ದಿನ ನಾಲ್ಕು ಮಟ್ಟುಗಳಾದವು. ಉಳಿದವಕ್ಕೆ ಪ್ರತಿ ಶನಿವಾರ ಬರುವುದೆಂದು ಗೊತ್ತಾಗಿದೆ. ಉಂಗುರ ಬೆರಳಿಗೆ ಹೆಚ್ಚು ಕೆಲಸವಿರುವ ಮಟ್ಟುಗಳೇ ಮೊದಲು ಎಂದು ಹುಡುಗಿ ಪಟ್ಟಿ ಬರೆದಿದ್ದಾಳೆ. ಆ ಕ್ರಮವೇಕೆಂದು ತಾತ ಕೇಳಿಲ್ಲ.