ಚಿತ್ರದ ಅಳತೆ

ಕನ್ನಡ ಎಂ.ಎ. ಮಾಡಿದವನಿಗೆ ಲೆಕ್ಕ ಬರುವುದಿಲ್ಲವೆಂದು ಲೋಕ ನಂಬಿದೆ. ಈ ಅಪವಾದವನ್ನು ತೊಡೆಯಬೇಕೆಂಬ ಹಂಬಲ ನನಗೆ ಬಹಳ ದಿನಗಳಿಂದ ಇದ್ದಿತು. ಗಣ, ಮಾತ್ರೆಗಳನ್ನು ಎಣಿಸಬಲ್ಲವನು ಚಿತ್ರದ ಚುಕ್ಕೆಗಳನ್ನು ಎಣಿಸಲಾರನೆ? ಎಣಿಸಿದೆ, ಎಣಿಸಲು ಹೋಗಿ ಒಂದು ಮುಖವನ್ನೇ ಕಳೆದೆ.

1961ರಲ್ಲಿ ನಮ್ಮ ದೊಡ್ಡತ್ತೆಯ ಮದುವೆಯ ಮರುದಿನ ತೆಗೆಸಿದ ಗುಂಪಿನ ಭಾವಚಿತ್ರವೊಂದು ಸಾಗರದ ಕಡೆಯ ದೊಡ್ಡಪ್ಪನವರ ಮನೆಯ ಗೋಡೆಯ ಮೇಲಿತ್ತು. 8.5 ಅಂಗುಲ ಅಗಲ, 6.5 ಅಂಗುಲ ಎತ್ತರ. ಅಷ್ಟರೊಳಗೆ ನಮ್ಮ ವಂಶವೆಲ್ಲ ಮೂರು ಸಾಲಾಗಿ, ಉಸಿರು ಬಿಗಿಹಿಡಿದು ನಿಂತಿತ್ತು. ದೇಶವಿದೇಶಗಳಲ್ಲಿ ಚದರಿರುವ ಬಂಧುಗಳು ನೋಡಲೆಂದು ಅದನ್ನು ಅಂತರಜಾಲಕ್ಕೆ ಏರಿಸುವ ಪುಣ್ಯಕಾರ್ಯವನ್ನು ನಾನು ವಹಿಸಿಕೊಂಡೆ. ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದಾಗ ಅಗಲಕ್ಕೆ 5100, ಎತ್ತರಕ್ಕೆ 3900. ಒಟ್ಟು ಸುಮಾರು 2 ಕೋಟಿ ಪಿಕ್ಸೆಲುಗಳು! ಚಿತ್ರವನ್ನು ಏರಿಸಿ, ದೊಡ್ಡಪ್ಪನವರ ಪಟವನ್ನು ಹಿಂದಿರುಗಿಸಿ, ಪ್ರಶಂಸೆಗಾಗಿ ಕಾದು ಕುಳಿತೆ.

ಬಂದದ್ದು ದೂರು. ಮಲೆನಾಡಿನ ಬಂಧುವೊಬ್ಬರು, "ನಿನ್ನ ಚಿತ್ರ ತೆರೆದುಕೊಳ್ಳುವಷ್ಟರಲ್ಲಿ ಅಡಕೆ ಸುಲಿದು ಬಂದೆ" ಎಂದರು. ನಾನು ಕಪಾಟಿನ ಹಳೆಯ ಪುಸ್ತಕವೊಂದನ್ನು ತೆರೆದೆ. ಅಗಲ 640 ಸಾಕೆಂದು ಅದರಲ್ಲಿತ್ತು. ಗ್ರಂಥಕರ್ತರದು ತಪ್ಪಲ್ಲ, 1987ರಲ್ಲಿ ಬಂದ ವಿಜಿಎ ಪರದೆಯ ಅಳತೆಯೇ 640ಕ್ಕೆ 480. ಕಾಲ ಸರಿದದ್ದನ್ನು ನೋಡದವನು ನಾನು. ಅನುಪಾತ ಕೆಟ್ಟರೆ, ಛಂದಸ್ಸು ಕೆಟ್ಟ ಪದ್ಯದಂತೆ, ಅಜ್ಜ ಕುಳ್ಳನಾಗುತ್ತಾನೆಂಬುದು ಗೊತ್ತಿತ್ತು. ಆದ್ದರಿಂದ ಎತ್ತರವನ್ನೂ ಹದವಾಗಿ ತಗ್ಗಿಸಿ, 'ಉಳಿಸು' ಎಂಬ ಗುಂಡಿಯನ್ನು ಒತ್ತಿದೆ. ಉಳಿಸು ಎಂಬುದಕ್ಕೆ ಅಳಿಸು ಎಂಬ ಅರ್ಥವೂ ಉಂಟೆಂದು ಯಾವ ನಿಘಂಟಿನಲ್ಲಿಯೂ ನಾನು ಓದಿರಲಿಲ್ಲ. ದೊಡ್ಡ ಪ್ರತಿಯ ಮೇಲೆಯೇ ಚಿಕ್ಕದು ಕುಳಿತಿತು. ಅಂತರಜಾಲದಲ್ಲಿಯೂ ಹಳೆಯದನ್ನು ತೆಗೆದು ಇದನ್ನೇ ಇಟ್ಟೆ.

ಎರಡು ಮಳೆಗಾಲ ಕಳೆದ ಮೇಲೆ ದೊಡ್ಡತ್ತೆಗೆ ಕಣ್ಣಿನ ಪೊರೆ ತೆಗೆಸಿದರು. ದೃಷ್ಟಿ ತಿಳಿಯಾದೊಡನೆ ಆಕೆ ಕೇಳಿದ್ದು ಆ ಚಿತ್ರವನ್ನು. ಹಿಂದಿನ ಸಾಲಿನ ಎಡತುದಿಯಲ್ಲಿ ಆಕೆಯ ತಂಗಿ ನಿಂತಿದ್ದಳು. ಮದುವೆಯಾದ ಮರುವರ್ಷವೇ ಜ್ವರದಲ್ಲಿ ತೀರಿಕೊಂಡವಳು. ಅವಳದು ಬೇರೆ ಚಿತ್ರವಿಲ್ಲ. ಮೊಮ್ಮಗ ಪರದೆಯನ್ನು ಹಿಗ್ಗಿಸಿದ. ಅತ್ತೆ ದೂರವಾಣಿಯಲ್ಲಿ ಕೇಳಿದಳು: "ಮಗು, ಇವಳ ಮುಖವೆಲ್ಲಿ? ಬರೀ ಚೌಕಗಳಿವೆಯಲ್ಲ?"

ಕಾಲು ಅಂಗುಲದ ಆ ಮುಖಕ್ಕೆ ಮೊದಲು 150 ಚುಕ್ಕೆಗಳ ಅಗಲವಿತ್ತು. ನನ್ನ ಕೈಯಲ್ಲಿ 19 ಉಳಿದಿತ್ತು. ಕುಗ್ಗಿಸಿದ ಚಿತ್ರವನ್ನು ಹಿಗ್ಗಿಸಿದರೆ ಚೌಕಗಳು ದೊಡ್ಡವಾಗುತ್ತವೆಯೇ ಹೊರತು ಹೋದ ಕಣ್ಣುಮೂಗು ಮರಳಿ ಬರುವುದಿಲ್ಲ. ಮರುದಿನವೇ ದೊಡ್ಡಪ್ಪನವರ ಮನೆಗೆ ಓಡಿದೆ. ಗೋಡೆಯ ತೇವ ಪಟದೊಳಗೆ ಇಳಿದು, ಚಿತ್ರ ಗಾಜಿಗೆ ಅಂಟಿ, ಎಡಗಡೆಯೆಲ್ಲ ಬೂಷ್ಟು ಹಿಡಿದು ಬೆಳ್ಳಗಾಗಿತ್ತು.

ಈಗ ನನ್ನದೊಂದು ನಿಯಮವಿದೆ. ಸ್ಕ್ಯಾನ್ ಮಾಡಿದ ಮೂಲವನ್ನು ಮುಟ್ಟುವುದಿಲ್ಲ. ಅದರ ಪ್ರತಿಗಳನ್ನು ಎರಡು ಕಡೆ ಇಡುತ್ತೇನೆ. ತೋರಿಸುವುದಕ್ಕೆ ಬೇರೊಂದು ಪ್ರತಿ ಮಾಡಿ, ಉದ್ದನೆಯ ಬದಿಯನ್ನು 2048ಕ್ಕೆ ಇಳಿಸುತ್ತೇನೆ. 1920 ಚುಕ್ಕೆ ಅಗಲದ ಪರದೆಯನ್ನು ಅದು ತುಂಬುತ್ತದೆ. ಅಡಕೆ ಸುಲಿಯುವಷ್ಟು ಕಾಯಿಸುವುದೂ ಇಲ್ಲ.

ದೊಡ್ಡತ್ತೆಯ ಬಳಿ ತಪ್ಪೊಪ್ಪಿಕೊಂಡೆ. ಆಕೆ ಬೈಯಲಿಲ್ಲ. "ನಾನು ಕಣ್ಣು ಮುಚ್ಚಿದರೆ ಅವಳು ಕಾಣುತ್ತಾಳೆ ಬಿಡು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಮಗಳಿಗೆ ಏನನ್ನು ತೋರಿಸುತ್ತೀಯೋ?" ಎಂದು ಕೇಳಿದಳು.

ಉತ್ತರ ನನ್ನಲ್ಲಿಲ್ಲ. ವಾಚಕರೇ, ನಿಮ್ಮ ಮನೆಯ ಗೋಡೆಯ ಮೇಲೆಯೂ ಅಂಥದೊಂದು ಪಟವಿದ್ದರೆ, ಈ ಮಳೆಗಾಲಕ್ಕೆ ಮುಂಚೆ ಅದನ್ನು ಕೆಳಗಿಳಿಸಿ ನೋಡಿ.